ಪದ್ಮಿನಿಯ ಸೀಟಿಗೆ ಹೊಸ ರೆಕ್ಸಿನ್

ಅಪ್ಪನ ಪ್ರೀಮಿಯರ್ ಪದ್ಮಿನಿ ಕಾರು 1984ರದ್ದು. ಮುಂದಿನ ಉದ್ದ ಸೀಟಿನ ಹೊಲಿಗೆ ಬಿಚ್ಚಿ, ಕೂತವರ ಪ್ಯಾಂಟಿಗೆಲ್ಲ ಫೋಮ್ ಪುಡಿ ಅಂಟುತ್ತಿತ್ತು. ಮೊದಲು ಮನೆ ಹತ್ತಿರ ರೆಡಿಮೇಡ್ ಕವರ್ ಹಾಕಿಸಿದೆ. ಒಂದೇ ತಿಂಗಳಿಗೆ ಸುಕ್ಕು! ತಪ್ಪು ನನ್ನದೇ. ಒಳಗಿನ ಫೋಮೇ ಕುಸಿದಿರುವಾಗ ಮೇಲೆ ಎಂಥ ಕವರ್ ಹಾಕಿದರೇನು, ಅಲ್ವಾ?

ಕೊನೆಗೆ ಕಾರಿನ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಲೆದರ್ ಆಸೆ ಇತ್ತು, ಆದರೆ ಆ ಕಾಲದ ಕಾರಿಗೆ ರೆಕ್ಸಿನ್ನೇ ಚೆಂದ. ಹಿಂಬದಿಗೆ ಬಟ್ಟೆ ಇರುವ ದಪ್ಪನೆಯದು ಆರಿಸಿದೆ. ಹಳೇ ಕವರನ್ನು ಮಾತ್ರ ಎಸೆಯಬೇಡಿ, ಅಳತೆಗೆ ಅದೇ ಬೇಕು. ಬಿಚ್ಚುವ ಮೊದಲು ಒಂದೊಂದು ತುಂಡಿಗೂ ಚಾಕ್‌ಪೀಸಿನಲ್ಲಿ ನಂಬರ್ ಬರೆದೆ. ಹೊಲಿಗೆ ಅಂಗಡಿಯವರದು, ಹಾಕಿದ್ದು ನಾನೇ.

ಸ್ಪ್ರಿಂಗಿನ ತುಕ್ಕು ಉಜ್ಜಿ, ಮೇಲೆ ಗೋಣಿ, ಅದರ ಮೇಲೆ ಹೊಸ ಫೋಮ್. ಗೋಣಿ ಇಲ್ಲದಿದ್ದರೆ ಸ್ಪ್ರಿಂಗು ಫೋಮನ್ನು ತಿಂದುಹಾಕುತ್ತದೆ. ಹೊಸ ಕವರನ್ನು ಅರ್ಧ ಗಂಟೆ ಮಹಡಿ ಬಿಸಿಲಲ್ಲಿಟ್ಟೆ, ಮೆತ್ತಗಾಯಿತು. ಮಧ್ಯದಿಂದ ಶುರುಮಾಡಿ ಎರಡೂ ಬದಿಗೆ ಎಳೆಯುತ್ತಾ, ಕವರನ್ನು ಸೀಟಿಗೆ ಹಿಡಿದಿಡುವ ಕಂಬಿಯ ರಿಂಗುಗಳನ್ನು ಇಕ್ಕಳದಲ್ಲಿ ಒತ್ತಿದೆ. ಹೆಬ್ಬೆರಳು ಇನ್ನೂ ನೋಯುತ್ತಿದೆ.

ಅಮ್ಮ ಕೂತು ನೋಡಿ, "ಸೀಟು ಎತ್ತರ ಆಯ್ತಲ್ಲೋ" ಅಂದರು. ನಿಜ, ಅಪ್ಪನ ತಲೆ ಈಗ ಮೇಲೆ ತಾಗುತ್ತದೆ. ಫೋಮ್ ಅರ್ಧ ಇಂಚು ಕಡಿಮೆ ಹಾಕಬೇಕಿತ್ತು.