ಮಣಕ ಹಗ್ಗ ಹರಿದಾಗ

ತೀರ್ಥಹಳ್ಳಿ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ. ಪಾಲಾದ ಮೇಲೆ ನಮ್ಮ ತೋಟಕ್ಕೂ ದಾಯಾದಿ ಅಣ್ಣನ ತೋಟಕ್ಕೂ ಒಂದೇ ಬಸಿಗಾಲುವೆ. ಮಳೆಗಾಲದಲ್ಲಿ ಅದು ಕಟ್ಟಿಕೊಂಡರೆ ಬುಡದಲ್ಲಿ ನೀರು ನಿಂತು ಮರ ಹಾಳಾಗುತ್ತದೆ. ಅದನ್ನು ಯಾರು ಬಿಡಿಸಬೇಕು ಅಂತ ಶುರುವಾದ ಮಾತು, ಹೋಗಿಬರೋದೇ ನಿಲ್ಲುವವರೆಗೆ ಬೆಳೆಯಿತು.

ಆ ದಿನಗಳಲ್ಲೇ ನಾನು ಗೀತೆ ಓದಲು ಕೂತಿದ್ದು. ದಾಯಾದಿ ಜಗಳದ ಕಥೆ ಅಲ್ವಾ, ನಾನು ಪಾಂಡವ, ಅಣ್ಣ ಕೌರವ ಅಂತ ಮನಸ್ಸಿನಲ್ಲೇ ಪಾಲು ಮಾಡಿಕೊಂಡೆ. ಓದಿದಷ್ಟೂ ಸಿಟ್ಟು ಜಾಸ್ತಿಯಾಯಿತು.

6ನೇ ಅಧ್ಯಾಯದ 5ನೇ ಶ್ಲೋಕದಲ್ಲಿ ತಡೆದು ನಿಂತೆ. ‘ಆತ್ಮೈವ ಹ್ಯಾತ್ಮನೋ ಬಂಧುರಾತ್ಮೈವ ರಿಪುರಾತ್ಮನಃ.’ ತನಗೆ ತಾನೇ ಬಂಧು, ತನಗೆ ತಾನೇ ಶತ್ರು. ದಾಯಾದಿ ಬೇಲಿಯಾಚೆ ಇಲ್ಲ, ನನ್ನೊಳಗೇ ಇದ್ದಾನೆ! ಪುಸ್ತಕ ಮುಚ್ಚಿ ಜಗಲಿಯಲ್ಲಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಮಾರನೇ ದಿನ ಮೊದಲಿನಿಂದ ಓದಲು ಶುರುಮಾಡಿದೆ. ಈ ಸಲ ಎರಡೂ ಸೇನೆ ನನ್ನವೇ.

ಕಠೋಪನಿಷತ್ತಿನ ರಥದ ಮಾತೂ ಆಗಲೇ ಸಿಕ್ಕಿತು. ದೇಹ ರಥ, ಇಂದ್ರಿಯಗಳು ಕುದುರೆ, ಬುದ್ಧಿ ಸಾರಥಿ, ಮನಸ್ಸು ಲಗಾಮು. ಅಲ್ಲಿಯವರೆಗೆ ಮನಸ್ಸೇ ಕುದುರೆ, ಹೊಡೆದು ಬಗ್ಗಿಸಬೇಕು ಅಂದುಕೊಂಡಿದ್ದೆ. ಲಗಾಮಿಗೆ ಹೊಡೆದು ಏನು ಬಂತು? ಅದು ಕೈಯಲ್ಲಿರಬೇಕು.

ದಿನಕ್ಕೆ ಒಂದೇ ಶ್ಲೋಕ. ಬೆಳಿಗ್ಗೆ ತೋಟಕ್ಕೆ ಹೋಗುವ ಮುಂಚೆ ಓದುವುದು, ರಾತ್ರಿ ಮಲಗುವಾಗ ಇವತ್ತು ಅದು ಎಲ್ಲಿ ಎದುರಾಯಿತು ಅಂತ ನೆನೆಸಿಕೊಳ್ಳುವುದು. ಜಾಸ್ತಿ ಓದಿದ ದಿನ ಏನೂ ಉಳಿಯುತ್ತಿರಲಿಲ್ಲ.

ಗೀತೆಯ ಅದೇ 6ನೇ ಅಧ್ಯಾಯದ 26ನೇ ಶ್ಲೋಕ ಅರ್ಥವಾಗಿದ್ದು ಕೊಟ್ಟಿಗೆಯಲ್ಲಿ. ನಮ್ಮ ಮಣಕ, ಅಂದರೆ ಇನ್ನೂ ಕರು ಹಾಕದ ಎಳೆ ಹಸು, ವಾರಕ್ಕೆರಡು ಸಲ ಹಗ್ಗ ಹರಿದು ಪಕ್ಕದ ಗದ್ದೆಗೆ ನುಗ್ಗುತ್ತಿತ್ತು. ಮೊದಲು ಕೋಲು ತಗೊಂಡು ಓಡುತ್ತಿದ್ದೆ. ಅದು ಇನ್ನೂ ದೂರ ಓಡುತ್ತಿತ್ತು. ಆಮೇಲೆ ಒಂದು ಹಿಡಿ ಹಸಿ ಹುಲ್ಲು ಹಿಡಿದು ನಿಧಾನಕ್ಕೆ ಹೋಗಿ, ಗಂಗೆದೊಗಲು ಸವರಿ, ಕೊರಳಿಗೆ ಹಗ್ಗ ಹಾಕಿ ಕರೆತಂದು ಅದೇ ಗೂಟಕ್ಕೆ ಕಟ್ಟಲು ಕಲಿತೆ. ‘ಯತೋ ಯತೋ ನಿಶ್ಚರತಿ.’ ಮನಸ್ಸು ಎಲ್ಲೆಲ್ಲಿಗೆ ಓಡುತ್ತದೋ ಅಲ್ಲಲ್ಲಿಂದ ಹಿಂದಕ್ಕೆ ತರಬೇಕು. ಯಾಕೆ ಓಡಿತು ಅಂತ ಅದರ ಜೊತೆ ಜಗಳವಾಡುವ ಮಾತೇ ಅಲ್ಲಿಲ್ಲ. ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದ ಹಾಗೆ ಅಂತ ಅರ್ಜುನ ಹೇಳಿದಾಗ ಕೃಷ್ಣನೂ ಮೊದಲು ಹೌದು, ಸಂಶಯವೇ ಇಲ್ಲ ಅನ್ನುತ್ತಾನೆ. ಅಭ್ಯಾಸದ ಮಾತು ಬರುವುದು ಆಮೇಲೆ. ನನಗೆ ಧೈರ್ಯ ಬಂದಿದ್ದು ಆ ಹೌದಿನಿಂದ.

ಈ ಸಲ ಮುಂಗಾರಿಗೆ ಮುಂಚೆ ಹಾರೆ, ಗುದ್ದಲಿ ತಗೊಂಡು ಕಾಲುವೆಗೆ ಇಳಿದೆ. ಅಣ್ಣನ ಭಾಗದಲ್ಲಿ ಸೋಗೆ, ಮಣ್ಣು ಹಾಗೇ ತುಂಬಿತ್ತು. ಹಳೇ ಮಾತುಗಳೆಲ್ಲ ಬಾಯಿಯ ತುದಿಗೆ ಬಂದವು. ಹಗ್ಗ ಹರಿಯಿತು ಅಂತ ಗೊತ್ತಾಯಿತು. ಗುದ್ದಲಿ ಊರಿ ನಿಂತೆ, ಮನಸ್ಸನ್ನು ಕರೆತಂದೆ. ಮತ್ತೆ ಓಡಿತು, ಮತ್ತೆ ಕರೆತಂದೆ. ಆಮೇಲೆ ನೀರು ಹರಿಯುವಷ್ಟು ಅವನ ಭಾಗದ್ದನ್ನೂ ಬಿಡಿಸಿದೆ. ಅಣ್ಣ ಬೇಲಿಯ ದಣಪೆ ಹತ್ತಿರ ನಿಂತು ನೋಡುತ್ತಿದ್ದ. ಅವನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಆದರೆ ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು.