ನೋವು ತಾಳ ತಪ್ಪಿದಾಗ

ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ನಾನು ಅತಿ ಹೆಚ್ಚು ಕೇಳಿರುವ ಮಾತು, 'ಮೇಡಂ, ನೋವು ಬರುವ ಇಂಜೆಕ್ಷನ್ ಕೊಟ್ಟುಬಿಡಿ.' ಕೇಳುವವರು ಸಾಮಾನ್ಯವಾಗಿ ಅತ್ತೆ. ನಾನು 'ತಾಳಿ ಅಮ್ಮಾ' ಎಂದು ಗರ್ಭಿಣಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಗಡಿಯಾರ ನೋಡುತ್ತಾ 10 ನಿಮಿಷ ಕೂರುತ್ತೇನೆ. ಹೊಟ್ಟೆ ಮೂರು-ನಾಲ್ಕು ಬಾರಿ ಬಿಗಿಯಾಗಿ, ಪ್ರತಿ ಬಾರಿ 40 ಸೆಕೆಂಡಿಗಿಂತ ಹೆಚ್ಚು ನಿಂತರೆ ನೋವು ಚೆನ್ನಾಗಿದೆ. ನಡುವೆ ಮೆತ್ತಗಾಗುವುದೂ ಅಷ್ಟೇ ಮುಖ್ಯ. ಹೊಟ್ಟೆಯಲ್ಲಿ ಮಗುವನ್ನು ಪೋಷಿಸುವ ಮಾಸಿಗೆ ರಕ್ತ ಸರಾಗವಾಗಿ ಹರಿಯುವುದು ಆ ಬಿಡುವಿನಲ್ಲಿ.

ಒಂದು ಚೊಚ್ಚಲು ಹೆರಿಗೆ ನೆನಪಾಗುತ್ತದೆ. ಗರ್ಭಕೋಶದ ಬಾಯಿ 6 ಸೆಂಟಿಮೀಟರಿಗೆ ತೆರೆದು ಅಲ್ಲೇ ನಿಂತಿತ್ತು. ನೋವು 10 ನಿಮಿಷಕ್ಕೆ ಎರಡೇ, ಅದೂ ಅರೆಮನಸ್ಸಿನದು. ಕೈಗೆ ಮೊದಲು ಸಿಕ್ಕಿದ್ದು ತುಂಬಿದ ಮೂತ್ರಕೋಶ. ಅದನ್ನು ಖಾಲಿ ಮಾಡಿಸಿ, ಗಂಜಿ ಕುಡಿಸಿ, ನಡೆದಾಡಿಸಿದೆವು. ಮಗುವಿನ ತಲೆ ಸರಿಯಾಗಿ ಕೂತಿದೆ, ಹಾದಿ ಸಾಕಷ್ಟಿದೆ ಎಂದು ಖಚಿತಪಡಿಸಿಕೊಂಡ ಮೇಲೆ ನೀರಿನ ಚೀಲ ಒಡೆದೆ. ಆಮೇಲೂ ನೋವು ಏರದಿದ್ದಾಗ ಮಾತ್ರ 500 ಮಿಲಿ ಡ್ರಿಪ್ ಬಾಟಲಿಗೆ 5 ಯೂನಿಟ್ ಆಕ್ಸಿಟೋಸಿನ್, ಅಂದರೆ ಆ ನೋವು ಬರಿಸುವ ಔಷಧಿ, ಹಾಕಿ, ಕಡಿಮೆ ಹನಿಗಳಿಂದ ಶುರುಮಾಡಿ ಅರ್ಧ ಗಂಟೆಗೊಮ್ಮೆ ಏರಿಸಿದೆ.

ನೋವು ಬಂತು, ಬೇಕಾದ್ದಕ್ಕಿಂತ ಜಾಸ್ತಿಯೇ ಬಂತು. 10 ನಿಮಿಷಕ್ಕೆ ಆರು, ನಡುವೆ ಹೊಟ್ಟೆ ಕಲ್ಲಿನಂತೆ ಗಟ್ಟಿ. 110ರಿಂದ 160ರ ನಡುವೆ ಇರಬೇಕಾದ ಮಗುವಿನ ಎದೆಬಡಿತ 90ಕ್ಕೆ ಇಳಿಯಿತು. ಡ್ರಿಪ್ ನಿಲ್ಲಿಸಿದೆ, ಎಡ ಮಗ್ಗುಲಿಗೆ ಹೊರಳಿಸಿದೆ, ಬರೀ ಸಲೈನ್ ವೇಗವಾಗಿ ಬಿಟ್ಟೆ. ಈ ಔಷಧಿಯ ಪ್ರಭಾವ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ, ಅದೇ ಪುಣ್ಯ. ಹೊಟ್ಟೆ ಸಡಿಲಿತು, ಬಡಿತ ಮೇಲೇರಿತು. ಸ್ವಲ್ಪ ಹೊತ್ತು ಕಾದು ಅರ್ಧದಷ್ಟು ಹನಿಗೆ ಮತ್ತೆ ಆರಂಭಿಸಿದೆವು. ಮಗು ಸಹಜವಾಗಿಯೇ ಹುಟ್ಟಿತು, ಹುಟ್ಟಿದ ಕೂಡಲೇ ಅತ್ತಿತು. ಹೆರಿಗೆಯಲ್ಲಿ ದಣಿದ ಗರ್ಭಕೋಶ ಆಮೇಲೆ ಕುಗ್ಗಲು ಸೋಮಾರಿತನ ಮಾಡಿ ರಕ್ತಸ್ರಾವವಾಗಬಹುದು. ಅದಕ್ಕೇ ತಾಯಿಯ ತೊಡೆಗೆ ಇದೇ ಆಕ್ಸಿಟೋಸಿನ್ 10 ಯೂನಿಟ್ ಇಂಜೆಕ್ಷನ್ ಕೊಟ್ಟು, ಮಾಸು ಬಿದ್ದ ಮೇಲೆ ಹೊಟ್ಟೆ ಗಟ್ಟಿಯಿದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡಿದೆವು.

ಎಲ್ಲ ಹೆರಿಗೆಯೂ ಹೀಗೆ ಮುಗಿಯುವುದಿಲ್ಲ. ನೋವು ಜೋರಾಗಿದ್ದೂ ತಲೆ ಇಳಿಯದೆ, ಹೊಕ್ಕಳಿನ ಕೆಳಗೆ ಅಡ್ಡಲಾಗಿ ಪಟ್ಟಿಯಂಥ ತಗ್ಗು ಕಂಡರೆ ಗರ್ಭಕೋಶ ಹರಿಯುವ ಹಂತಕ್ಕೆ ಬಂದಿದೆ ಎಂದರ್ಥ. ಅಲ್ಲಿ ಡ್ರಿಪ್ ಹಾಕುವುದು ಅಪಾಯಕ್ಕೆ ಆಹ್ವಾನ. ತಡಮಾಡದೆ ಸಿಸೇರಿಯನ್ ಮಾಡಬೇಕು.

ಪಾಳಿ ಬದಲಾಗುವ ಹೊತ್ತಿನಲ್ಲೇ ಹನಿಗಳ ಲೆಕ್ಕ ತಪ್ಪುವುದು ಹೆಚ್ಚು. ಹಾಗಾಗಿ ಆಕ್ಸಿಟೋಸಿನ್ ಬಾಟಲಿಗೆ ಬಿಳಿ ಪ್ಲಾಸ್ಟರ್ ಅಂಟಿಸಿ ಯೂನಿಟ್, ಹನಿ, ಏರಿಸಿದ ಸಮಯ ಬರೆಯಲು ಸಿಸ್ಟರ್‌ಗಳಿಗೆ ಹೇಳಿದ್ದೇನೆ.