ಗುಲಾಬಿ ನೀರು ತಿಳಿಯಾಯಿತು, ಸಿಒಡಿ ಏರಿತು

ಟಿಎನ್‌ಟಿ ಎಂಬ ಸ್ಫೋಟಕ ತುಂಬುವ ಕಾರ್ಖಾನೆಯಲ್ಲಿ ನೆಲ, ಯಂತ್ರ ತೊಳೆದ ನೀರಿಗೆ ‘ಪಿಂಕ್ ವಾಟರ್’ ಅನ್ನುತ್ತಾರೆ. ಹೊರಬರುವಾಗ ಹೆಚ್ಚುಕಮ್ಮಿ ತಿಳಿಯಾಗೇ ಇರುತ್ತದೆ, ಬಿಸಿಲು ಬಿದ್ದರೆ ಗುಲಾಬಿಗೆ ತಿರುಗುತ್ತದೆ. ಹಾಗಾಗಿ ನನ್ನ ಪ್ರಬಂಧದ ಪ್ರಯೋಗಗಳಿಗೆ ಅದು ಲ್ಯಾಬಿಗೆ ಕಂದು ಬಾಟಲಿಯಲ್ಲಿ ಬರುತ್ತಿತ್ತು. ಒಣ ಟಿಎನ್‌ಟಿಯನ್ನು ನಾನು ಕಣ್ಣಾರೆ ಕಂಡವನಲ್ಲ. ಒಂದು ಲೀಟರ್ ನೀರಿನಲ್ಲಿ ಅದು ಕರಗುವುದೇ 100 ಮಿಲಿಗ್ರಾಂ ಆಸುಪಾಸು. ಆದರೆ ಕುಡಿಯುವ ನೀರಿಗೆ ಅಮೆರಿಕದ ಪರಿಸರ ಸಂಸ್ಥೆ ಸೂಚಿಸಿದ ಮಿತಿ ಲೀಟರಿಗೆ 2 ಮೈಕ್ರೋಗ್ರಾಂ!

ಇದ್ದಿಲಿನಲ್ಲಿ ಸೋಸುವುದು ಹಳೇ ರೂಢಿ. ಇದ್ದಿಲು ಟಿಎನ್‌ಟಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೊಲ್ಲುವುದಿಲ್ಲ. ಕೊಲ್ಲಲು ನಾನು ಹಿಡಿದ ದಾರಿ ಫೆಂಟನ್ ಎಂಬ ಆಕ್ಸಿಡೀಕರಣ ಕ್ರಿಯೆ: ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್, ಪಿಎಚ್ 3ರ ಹತ್ತಿರ. ತೊಡಕೇನೆಂದರೆ, ಟಿಎನ್‌ಟಿ ಅಣುವಿನ ಮೂರು ನೈಟ್ರೋ ಗುಂಪುಗಳೂ ಅದರ ಇಂಗಾಲದ ಉಂಗುರದ ಎಲೆಕ್ಟ್ರಾನುಗಳನ್ನು ತಮ್ಮತ್ತ ಎಳೆದುಕೊಂಡು ಕೂತಿರುತ್ತವೆ, ಹಾಗಾಗಿ ಆಕ್ಸಿಡೀಕರಣಕ್ಕೆ ಟಿಎನ್‌ಟಿ ಸುಲಭಕ್ಕೆ ಬಗ್ಗುವುದಿಲ್ಲ. ಮೊದಲು ಕಬ್ಬಿಣದಿಂದ ಅಪಕರ್ಷಿಸಿ (ಎಲೆಕ್ಟ್ರಾನು ಕೊಟ್ಟು) ನೈಟ್ರೋವನ್ನು ಅಮೈನೋ ಮಾಡಿಕೊಂಡರೆ ಕೆಲಸ ಹಗುರ.

ಕಬ್ಬಿಣಕ್ಕೆ ಲೇತ್ ಅಂಗಡಿಯಿಂದ ಎರಕದ ಕಬ್ಬಿಣದ ಚೂರು ತಂದೆ. ಎಣ್ಣೆ ಹೋಗುವಷ್ಟು ಅಸಿಟೋನಿನಲ್ಲಿ ತೊಳೆದು, ಅದು ಆರಿದ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಗುಳ್ಳೆ ಏಳುವ ತನಕ ಬಿಟ್ಟು, ನೀರು ಹಾಯಿಸಿ, ನೀರು ಹಾಯುವ ಕೊಳವೆಗೆ, ಅಂದರೆ ಕಾಲಮ್ಮಿಗೆ, ತಕ್ಷಣ ತುಂಬಬೇಕು. ಊಟ ಮಾಡಿ ಬರೋಣ ಅಂದರೆ ತುಕ್ಕು ಹಿಡಿದಿರುತ್ತದೆ! ಕಾಲಮ್ಮಿನಿಂದ ಇಳಿದ ನೀರಿನಲ್ಲೇ ಫೆಂಟನ್‌ಗೆ ಬೇಕಾದ ಫೆರಸ್ (ಕರಗಿದ ಕಬ್ಬಿಣ) ಇರುವುದರಿಂದ ಮುಂದೆ ಪೆರಾಕ್ಸೈಡ್ ಮಾತ್ರ ಸಾಕಾಯಿತು.

ನೀರಿನಲ್ಲಿರುವ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ನಕ್ಷೆಯಲ್ಲಿ ಟಿಎನ್‌ಟಿ ಶಿಖರ ಮಾಯ. ಹಿಗ್ಗಿದೆ. ಆದರೆ ಸಿಒಡಿ, ಅಂದರೆ ನೀರಿನ ಕಶ್ಮಲವನ್ನು ಆಕ್ಸಿಡೀಕರಿಸಲು ಎಷ್ಟು ಆಮ್ಲಜನಕ ಬೇಕೆಂಬ ಅಳತೆ, ಮಾಡಿದರೆ ಸಂಸ್ಕರಣೆಗೆ ಮುಂಚಿಗಿಂತ ಜಾಸ್ತಿ. ಟೈಟ್ರೇಶನ್ ಮೂರು ಸಲ ಮಾಡಿದರೂ ಅದೇ ಕತೆ.

“ಪೆರಾಕ್ಸೈಡ್ ಉಳಿದಿದೆಯೇನೋ ನೋಡಿದ್ಯಾ?” ಎಂದರು ಲ್ಯಾಬಿನ ಹಿರಿಯರೊಬ್ಬರು. ಪೆರಾಕ್ಸೈಡ್ ಇದ್ದರೆ ನೀಲಿಯಾಗುವ ಪರೀಕ್ಷಾ ಪಟ್ಟಿ ಅದ್ದಿದೆ, ಕಡುನೀಲಿ! ಸಿಒಡಿಯಲ್ಲಿ ಕಶ್ಮಲವನ್ನು ಆಕ್ಸಿಡೀಕರಿಸಲು ಹಾಕುವ ಡೈಕ್ರೋಮೇಟ್ ಪೆರಾಕ್ಸೈಡನ್ನೂ ಬಿಡುವುದಿಲ್ಲ. ಒಂದು ಮಿಲಿಗ್ರಾಂ ಉಳಿದರೆ ಲೆಕ್ಕಕ್ಕೆ 0.47 ಮಿಲಿಗ್ರಾಂ ಸಿಒಡಿ ಸೇರುತ್ತದೆ. ಒಂದು ತಿಂಗಳ ಅಂಕಿಗಳ ಮೇಲೆ ಅಡ್ಡಗೆರೆ ಎಳೆದೆ.

ಅಲ್ಲಿಂದ ಮುಂದೆ, ಉಳಿದ ಪೆರಾಕ್ಸೈಡ್ ಒಡೆಯಲೆಂದು ಕ್ಷಾರ ಹಾಕಿ ಪಿಎಚ್ 8 ದಾಟಿಸಿ, ರಾತ್ರಿಯಿಡೀ ಬಿಟ್ಟು, ಪಟ್ಟಿ ಬೆಳ್ಳಗೆ ಉಳಿದ ಮೇಲೆಯೇ ಸಿಒಡಿಗೆ ಕೈಹಾಕುವುದು. ಕಬ್ಬಿಣ ಕಂದು ಕೆಸರಾಗಿ ತಳಕ್ಕೆ ಕೂರುತ್ತದೆ. ವೈವಾದಲ್ಲಿ ಪರೀಕ್ಷಕರ ಮೊದಲ ಪ್ರಶ್ನೆ: “ಈ ಕೆಸರನ್ನ ಏನ್ ಮಾಡ್ತೀರಿ?” ಇದ್ದಿಲನ್ನು ದೂರಿ ಪ್ರಬಂಧದ ಪೀಠಿಕೆ ಬರೆದವನು ನಾನೇ. ಲೇಬಲ್ ಹಚ್ಚಿದ ಹದಿನಾಲ್ಕು ಡಬ್ಬಿ ಕೆಸರು ಆಗಿನ್ನೂ ಲ್ಯಾಬಿನ ಕಪಾಟಿನಲ್ಲೇ ಇತ್ತು.